ಬೆಳಕು ಕಾಣದ ಪುಷ್ಪಪಟಗಳು

ಬೆಂಗಳೂರು ಮೈಸೂರುಗಳಲ್ಲಿ ಬೇಸಗೆ ಬಂದಿತೆಂದರೆ ಮನೆಗಳ ಕಾಂಪೌಂಡು ಗೋಡೆಯ ಮೇಲೆ ಬೋಗನ್‌ವಿಲ್ಲದ ಬಳ್ಳಿ ಎಲೆ ಕಾಣದಂತೆ ಬಣ್ಣವೇರಿ ನಿಲ್ಲುತ್ತದೆ. ನಮ್ಮ ಜನ ಇದನ್ನು ಕಾಗದದ ಹೂ ಎಂದು ಕರೆಯುವುದುಂಟು. ಘಟ್ಟವಿಳಿದು ದಕ್ಷಿಣ ಕನ್ನಡದ ಕಡೆಗೆ ಹೋದರೆ ಹಿತ್ತಿಲಲ್ಲಿ ಜೀಗುಜ್ಜೆಯ ಮರ ಸಿಕ್ಕುತ್ತದೆ. ಅದರ ಪಲ್ಯವನ್ನೂ ಪೋಡಿಯನ್ನೂ ಒಮ್ಮೆ ರುಚಿ ನೋಡಿದವರು ಮರೆಯಲಾರರು. ಇವೆರಡೂ ನಮ್ಮ ನೆಲದಲ್ಲಿ ಹುಟ್ಟಿದವಲ್ಲ. ಬಳ್ಳಿಯ ತೌರು ಬ್ರೆಜಿಲ್ ದೇಶ. ಮರದ ತೌರು ಶಾಂತಸಾಗರದ ದ್ವೀಪಗಳು. ಒಂದಕ್ಕೊಂದು ಸಾವಿರಾರು ಮೈಲಿ ದೂರದಲ್ಲಿದ್ದ ಈ ಎರಡು ಸಸ್ಯಗಳ ಚಿತ್ರವನ್ನು, ಒಂದು ವರ್ಷದ ಅವಧಿಯೊಳಗೆ, ಒಂದೇ ಹಡಗಿನ ಯಾತ್ರೆಯಲ್ಲಿ ಒಬ್ಬನೇ ತರುಣನು ಬರೆದನು. ಅವನ ಹೆಸರು ಸಿಡ್ನಿ ಪಾರ್ಕಿನ್ಸನ್.

ಅವನ ಕೈಯಿಂದ ಹೊರಟ ನೂರಾರು ಚಿತ್ರಗಳನ್ನು ಅನುಸರಿಸಿ ಲಂಡನ್ ನಗರದಲ್ಲಿ 743 ತಾಮ್ರದ ತಗಡುಗಳನ್ನು ಕೊರೆಸಲಾಯಿತು. 1784ನೆಯ ಇಸವಿಯ ಹೊತ್ತಿಗೆ ಆ ಕೆಲಸ ಬಹುಮಟ್ಟಿಗೆ ಮುಗಿದಿತ್ತು. ಆದರೆ ಆ ತಗಡುಗಳಿಂದ ಬಣ್ಣದ ಪ್ರತಿಗಳು ಸಮಗ್ರವಾಗಿ ಅಚ್ಚಾಗಿ ಹೊರಬಂದುದು 1980ರಿಂದ 1990ರವರೆಗಿನ ಹತ್ತು ವರ್ಷಗಳಲ್ಲಿ. ನಡುವೆ ಇನ್ನೂರು ವರ್ಷಗಳು ಕಳೆದುಹೋದುವು. ಇಷ್ಟೊಂದು ಶ್ರಮವನ್ನೂ ಧನವನ್ನೂ ನುಂಗಿದ ಕಾರ್ಯವೊಂದು ಬಾಗಿಲವರೆಗೆ ಬಂದು ಹೊಸ್ತಿಲು ದಾಟದೆ ನಿಂತುದು ಹೇಗೆ? ಅದರಿಂದ ಯಾರಿಗೆ ಏನು ನಷ್ಟವಾಯಿತು? ಇದೇ ಇಂದಿನ ನಮ್ಮ ವಿಚಾರ.

ಮೊದಲು ಒಂದು ಸಂದೇಹವನ್ನು ಪರಿಹರಿಸಿಕೊಳ್ಳೋಣ. ಗಿಡವನ್ನೇ ಕಿತ್ತು ಒಣಗಿಸಿ ತರಬಹುದಾಗಿರುವಾಗ ಚಿತ್ರದ ಗೊಡವೆ ಏಕೆ? ಕಾಗದಗಳ ನಡುವೆ ಒತ್ತಿ ಒಣಗಿಸಿದ ಹೂವು ತನ್ನ ಎಸಳುಗಳ ಎಣಿಕೆಯನ್ನು ಉಳಿಸಿಕೊಳ್ಳುತ್ತದೆ, ನಿಜ; ಆದರೆ ಬಣ್ಣವನ್ನೂ ದುಂಡನ್ನೂ ನಿಲುವನ್ನೂ ಕಳೆದುಕೊಳ್ಳುತ್ತದೆ. ಮಾತಿನ ವರ್ಣನೆ ಎಷ್ಟೇ ಜಾಗರೂಕವಾಗಿದ್ದರೂ ಓದಿದ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಆಕಾರವನ್ನು ತಾಳುತ್ತದೆ. ಸ್ವೀಡನ್ ದೇಶದ ಮಹಾಪಂಡಿತನಾದ ಲಿನೇಯಸನು 1753ರಲ್ಲಿ ಸಸ್ಯಗಳಿಗೆ ಎರಡೆರಡು ಪದಗಳ ಹೆಸರಿಡುವ ಪದ್ಧತಿಯನ್ನು ವ್ಯವಸ್ಥೆಗೆ ತಂದ ಮೇಲೆ, ಯೂರೋಪಿನ ವಿದ್ವಾಂಸರು ಪ್ರಪಂಚದ ಗಿಡಗಳನ್ನೆಲ್ಲ ಒಂದು ಪಟ್ಟಿಗೆ ಸೇರಿಸುವ ಉತ್ಸಾಹದಲ್ಲಿದ್ದರು. ಪ್ಯಾರಿಸಿನವನು ನೋಡಿದ ಗಿಡವೂ ಉಪ್ಸಾಲದವನು ನೋಡಿದ ಗಿಡವೂ ಒಂದೆಯೋ ಬೇರೆಯೋ ಎಂದು ತೀರ್ಮಾನಿಸಲು ಇಬ್ಬರ ಮುಂದೆಯೂ ಒಂದೇ ಚಿತ್ರವಿರಬೇಕು. ಕೈಯಿಂದ ಬರೆದ ಚಿತ್ರ ಒಂದೇ ಒಂದು. ನಕಲು ಮಾಡಿದಂತೆಲ್ಲ ತಪ್ಪು ಸೇರುತ್ತದೆ. ತಾಮ್ರದ ತಗಡಿನಿಂದ ತೆಗೆದ ನೂರು ಪ್ರತಿಗಳಾದರೋ ಗೆರೆಗೆ ಗೆರೆ ಸಮಾನ. ಫೋಟೋಗ್ರಾಫಿಯಿಲ್ಲದ ಆ ಕಾಲದಲ್ಲಿ ತಾಮ್ರಪಟವೇ ಶಾಸ್ತ್ರಜ್ಞರ ಸಮಾನಸಾಕ್ಷಿ.

ಅದನ್ನು ಮಾಡುವ ಬಗೆ ಹೀಗೆ. ನುಣ್ಣಗೆ ಉಜ್ಜಿದ ತಾಮ್ರದ ತಗಡಿನ ಮೇಲೆ ಚಿತ್ರದ ಹೊರಗೆರೆಯನ್ನು ಇಳಿಸಿಕೊಂಡು, ಉಕ್ಕಿನ ಮೊನಚಾದ ಉಳಿಯನ್ನು ಅಂಗೈಯಿಂದ ಮುಂದಕ್ಕೆ ನೂಕುತ್ತ ಗೆರೆಗಳನ್ನು ಕೊರೆಯುತ್ತಾರೆ. ಅಚ್ಚಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಬೀಳುವುದರಿಂದ, ಮೂಲದಂತೆಯೇ ಕಾಣಬೇಕಾದರೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೆಲಸ ನಡೆಸಬೇಕು. ಹಗುರವಾದ ಗೆರೆ ಎಸಳಿನ ನವುರನ್ನು ತೋರಿಸಿದರೆ, ಒತ್ತಾದ ಗೆರೆಗಳು ಎಲೆಯ ಮಗ್ಗುಲಿನ ನೆರಳನ್ನು ತೋರಿಸುತ್ತವೆ. ಕೊರೆದ ತಗಡಿಗೆ ಮಸಿ ತುಂಬಿ, ಮೇಲ್ಮೈಯನ್ನು ಒರಸಿ, ಒದ್ದೆ ಮಾಡಿದ ಕಾಗದವನ್ನು ಹಾಸಿ, ಉರುಳೆಯ ಯಂತ್ರದಲ್ಲಿ ಒತ್ತಿದರೆ ಗೆರೆಯೊಳಗಿನ ಮಸಿಯನ್ನು ಕಾಗದ ಹೀರಿಕೊಂಡು ಮೇಲೇಳುತ್ತದೆ. ಒಂದು ತಪ್ಪು ಗೆರೆ ಬಿದ್ದರೆ ತಾಮ್ರವನ್ನು ಕೆರೆದು, ಹಿಂದಿನಿಂದ ತಟ್ಟಿ ಸಮ ಮಾಡಿ, ಮತ್ತೆ ಕೊರೆಯಬೇಕು. ಅವಸರಕ್ಕೆ ಒಗ್ಗುವ ವಿದ್ಯೆಯಲ್ಲ ಇದು.

ಇನ್ನು ಯಾತ್ರೆಯ ಸಂಗತಿ. 1769ರ ಜೂನ್ 3ನೆಯ ತಾರೀಖು ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋಗುವುದಿತ್ತು. ಅದನ್ನು ಶಾಂತಸಾಗರದ ಟಹೀಟಿ ದ್ವೀಪದಿಂದ ಅಳೆಯುವುದಕ್ಕಾಗಿ ಇಂಗ್ಲೆಂಡಿನ ರಾಯಲ್ ಸೊಸೈಟಿಯೂ ನೌಕಾಖಾತೆಯೂ ಸೇರಿ 'ಎಂಡೆವರ್' ಎಂಬ ಹಡಗನ್ನು ಸಿದ್ಧಗೊಳಿಸಿದುವು. ವಿಟ್ಬಿ ಎಂಬ ಊರಿನಲ್ಲಿ ಕಲ್ಲಿದ್ದಲು ಸಾಗಿಸುವುದಕ್ಕೆಂದು ಕಟ್ಟಿದ್ದ ಹಡಗು ಅದು; ಅಂದಕ್ಕಿಂತ ಗಟ್ಟಿತನಕ್ಕೆ ಹೆಸರಾದುದು. ನಾಯಕನು ಜೇಮ್ಸ್ ಕುಕ್. 1768ರ ಆಗಸ್ಟ್ 26ರಂದು ಪ್ಲಿಮತ್ ಬಂದರನ್ನು ಬಿಟ್ಟ ಈ ಹಡಗಿನಲ್ಲಿ ಇಪ್ಪತ್ತೈದು ವರ್ಷದ ಶ್ರೀಮಂತನೊಬ್ಬನು ಸ್ವಂತ ಖರ್ಚಿನಿಂದ ಎಂಟು ಜನರ ಪರಿವಾರವನ್ನು ಕಟ್ಟಿಕೊಂಡು ಹೊರಟನು. ಅವನೇ ಜೋಸೆಫ್ ಬ್ಯಾಂಕ್ಸ್. ಆ ಕಾಲದ ಸಿರಿವಂತರ ಮಕ್ಕಳು ಓದು ಮುಗಿಸಿ ಇಟಲಿ ಫ್ರಾನ್ಸುಗಳನ್ನು ಸುತ್ತಿ ಬರುತ್ತಿದ್ದರು. ಇವನು ಭೂಮಂಡಲವನ್ನೇ ಸುತ್ತಲು ಮನಸ್ಸು ಮಾಡಿದನು. ಜೊತೆಯಲ್ಲಿ ಲಿನೇಯಸನ ಶಿಷ್ಯನಾದ ಡೇನಿಯಲ್ ಸೋಲಂಡರ್, ಬರವಣಿಗೆಗೆ ಹರ್ಮನ್ ಸ್ಪೋರಿಂಗ್, ಭೂದೃಶ್ಯಗಳನ್ನೂ ಜನರನ್ನೂ ಚಿತ್ರಿಸಲು ಅಲೆಕ್ಸಾಂಡರ್ ಬುಕನ್, ಗಿಡಮರ ಪ್ರಾಣಿಗಳನ್ನು ಚಿತ್ರಿಸಲು ಪಾರ್ಕಿನ್ಸನ್, ಮತ್ತು ನಾಲ್ವರು ಆಳುಗಳು. ಬ್ಯಾಂಕ್ಸನೂ ಸೇರಿ ಒಂಬತ್ತು ಮಂದಿ. ಈ ಎಣಿಕೆಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ.

ಪಾರ್ಕಿನ್ಸನ್ನನು ಎಡಿನ್‌ಬರೊ ನಗರದ ಮದ್ಯ ತಯಾರಕನೊಬ್ಬನ ಮಗ. ಕ್ವೇಕರ್ ಪಂಥದ ಸರಳ ಮನೆತನ. ಉಣ್ಣೆಬಟ್ಟೆಯ ವ್ಯಾಪಾರ ಕಲಿಯಲೆಂದು ಹಚ್ಚಿದ ಹುಡುಗ ಕುಂಚವನ್ನು ಹಿಡಿದನು. ಹಡಗಿನ ಹಿಂಭಾಗದ ದೊಡ್ಡ ಕೋಣೆಯಲ್ಲಿ, ಅಲೆಗಳ ಹೊಯ್ದಾಟದ ನಡುವೆ, ಒಂದೇ ಮೇಜಿನ ಸುತ್ತ ಪಂಡಿತರೂ ಚಿತ್ರಗಾರನೂ ಕುಳಿತು ಕೆಲಸ ಮಾಡುತ್ತಿದ್ದರು. ಬ್ಯಾಂಕ್ಸ್ ಸೋಲಂಡರರು ತಂದ ಗಿಡ ಬಾಡುವುದರೊಳಗೆ ಅದರ ರೂಪವನ್ನು ಕಾಗದಕ್ಕೆ ಇಳಿಸಬೇಕು. ಸೋಲಂಡರನು ಪಕ್ಕದಲ್ಲೇ ಅದರ ಲಕ್ಷಣಗಳನ್ನು ಲ್ಯಾಟಿನ್ ಭಾಷೆಯಲ್ಲಿ ಬರೆಯುತ್ತಿರುವನು.

ನವೆಂಬರ್ ತಿಂಗಳಲ್ಲಿ ಹಡಗು ಬ್ರೆಜಿಲಿನ ರಿಯೋ ಬಂದರನ್ನು ಮುಟ್ಟಿತು. ಅಲ್ಲಿನ ಪೋರ್ತುಗೀಸ್ ರಾಜಪ್ರತಿನಿಧಿಗೆ, ಕಲ್ಲಿದ್ದಲ ಹಡಗಿನಂತೆ ಕಾಣುವ ಇದು ಆಕಾಶದ ಗ್ರಹವನ್ನು ನೋಡಲು ಹೊರಟಿದೆಯೆಂಬ ಮಾತು ನಂಬಿಕೆ ಹುಟ್ಟಿಸಲಿಲ್ಲ. ಪಂಡಿತರು ದಡಕ್ಕಿಳಿಯಕೂಡದೆಂದು ಅಪ್ಪಣೆಯಾಯಿತು. ಎದುರಿಗೇ ಹಸುರು ಬೆಟ್ಟಗಳು, ಕಾಲಿಡಲು ಅನುಮತಿಯಿಲ್ಲ. ಅವರು ಊಟದ ಮೇಜಿಗೆ ಸೊಪ್ಪುಸದೆ ಬೇಕೆಂಬ ನೆವದಿಂದ ಗಿಡಗಳನ್ನು ತರಿಸಿಕೊಂಡರು. ಆಳುಗಳನ್ನು ಕದ್ದು ಕಳುಹಿಸಿದರು. ಕೊನೆಗೆ ತಾವೇ ಕಣ್ಣು ತಪ್ಪಿಸಿ ಇಳಿದು ಬಂದರು. ಹೀಗೆ ದೊರೆತ ಗಿಡಗಳಲ್ಲಿ ಒಂದು ನಮ್ಮ ಕಾಗದದ ಹೂವಿನ ಬಳ್ಳಿ.

ಮುಂದೆ ಅಮೆರಿಕದ ದಕ್ಷಿಣದ ತುದಿಯಾದ ಟಿಯರಾ ಡೆಲ್ ಫ್ಯೂಗೊದಲ್ಲಿ, 1769ರ ಜನವರಿಯ ಒಂದು ರಾತ್ರಿ, ಗಿಡಗಳನ್ನು ಹುಡುಕುತ್ತ ಬೆಟ್ಟವೇರಿದ ತಂಡವನ್ನು ಹಿಮ ಕವಿಯಿತು. ಟಾಮಸ್ ರಿಚ್ಮಂಡ್ ಮತ್ತು ಜಾರ್ಜ್ ಡಾರ್ಲ್ಟನ್ ಎಂಬ ಇಬ್ಬರು ಕಪ್ಪುವರ್ಣದ ಆಳುಗಳು ಚಳಿಯಿಂದ ಸತ್ತರು. ಟಹೀಟಿಯನ್ನು ಮುಟ್ಟಿ ನಾಲ್ಕೇ ದಿನಗಳಲ್ಲಿ, ಏಪ್ರಿಲ್ 17ರಂದು, ಮೂರ್ಛೆರೋಗದ ಬುಕನನು ತೀರಿಕೊಂಡನು. ಅಂದಿನಿಂದ ಭೂದೃಶ್ಯ, ಜನ, ದೋಣಿ, ಮನೆ ಎಲ್ಲವನ್ನೂ ಚಿತ್ರಿಸುವ ಹೊರೆ ಪಾರ್ಕಿನ್ಸನ್ನನ ಮೇಲೆಯೂ ಬಿದ್ದಿತು. ಟಹೀಟಿಯ ನೊಣಗಳ ಕಾಟವನ್ನು ಬ್ಯಾಂಕ್ಸನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ: ಕುಂಚದಿಂದ ಬಣ್ಣ ಹಚ್ಚುತ್ತಿದ್ದಂತೆಯೇ ನೊಣಗಳು ಕಾಗದದ ಮೇಲಿನಿಂದ ಅದನ್ನು ತಿಂದುಹಾಕುತ್ತಿದ್ದುವಂತೆ. ಮೇಜು, ಕುರ್ಚಿ, ಚಿತ್ರಗಾರ ಎಲ್ಲವನ್ನೂ ಒಟ್ಟಿಗೆ ಸೊಳ್ಳೆಪರದೆಯಿಂದ ಮುಚ್ಚಿದರೂ ಸಾಲದೆ, ಅದರೊಳಗೆ ನೊಣಗಳನ್ನು ಹಿಡಿಯುವ ಬೋನನ್ನೂ ಇಡಬೇಕಾಯಿತು.

ಯಾತ್ರೆಯ ದೊಡ್ಡ ಸುಗ್ಗಿ ಆಸ್ಟ್ರೇಲಿಯಾದ ಪೂರ್ವ ತೀರದಲ್ಲಿ. 1770ರ ಏಪ್ರಿಲ್ 29ರಂದು ಹಡಗು ಲಂಗರು ಹಾಕಿದ ಕೊಲ್ಲಿಯಲ್ಲಿ ದೊರೆತ ಗಿಡಗಳ ಸಮೃದ್ಧಿಯನ್ನು ಕಂಡು ಕುಕ್ಕನು ಅದಕ್ಕೆ ಸಸ್ಯಶಾಸ್ತ್ರದ ಹೆಸರನ್ನೇ ಇಟ್ಟು 'ಬಾಟನಿ ಬೇ' ಎಂದು ಕರೆದನು. ಗಿಡಗಳನ್ನು ಒತ್ತಿಟ್ಟ ಕಾಗದಗಳು ತೇವದಿಂದ ಕೊಳೆಯದಿರಲೆಂದು ಹಡಗಿನ ಹಾಯಿಯನ್ನೇ ಮರಳಿನ ಮೇಲೆ ಹಾಸಿ ಒಂದು ದಿನವೆಲ್ಲ ಬಿಸಿಲಿಗೆ ಹರಡಿದರು. ಅಲ್ಲಿಂದ ಹೊರಟ ಮೇಲೆ ಬ್ಯಾಂಕ್ಸನು ಲೆಕ್ಕ ಹಾಕಿ ಬರೆದಿರುವುದೇನೆಂದರೆ, ಹದಿನಾಲ್ಕು ದಿನಗಳಲ್ಲಿ ಪಾರ್ಕಿನ್ಸನ್ನನು 94 ಚಿತ್ರಗಳನ್ನು ಬರೆದಿದ್ದನು. ದಿನಕ್ಕೆ ಆರೇಳು ಚಿತ್ರ! ಈ ವೇಗದಲ್ಲಿ ಎಲ್ಲವನ್ನೂ ಪೂರ್ತಿಗೊಳಿಸುವುದು ಸಾಧ್ಯವೇ ಇರಲಿಲ್ಲ. ಆದುದರಿಂದ ಅವನೊಂದು ಉಪಾಯವನ್ನು ಅನುಸರಿಸಿದನು: ಸೀಸದ ಕಡ್ಡಿಯಿಂದ ಇಡೀ ಗಿಡದ ಹೊರಗೆರೆ, ಒಂದು ಎಲೆಗೆ, ಒಂದು ಹೂವಿಗೆ, ಒಂದು ಕಾಯಿಗೆ ಮಾತ್ರ ನಿಜವಾದ ಬಣ್ಣ, ಕಾಗದದ ಹಿಂದೆ ಉಳಿದ ಭಾಗಗಳ ಬಣ್ಣವನ್ನು ಕುರಿತ ಟಿಪ್ಪಣಿ. ಊರಿಗೆ ಹೋದ ಮೇಲೆ ನಿಧಾನವಾಗಿ ಮುಗಿಸಿದರಾಯಿತು ಎಂಬುದು ಅವನ ಎಣಿಕೆ.

ಅದೇ ಜೂನ್ ತಿಂಗಳಲ್ಲಿ ಹಡಗು ಹವಳದ ಬಂಡೆಗೆ ಬಡಿದು ತಳ ಬಿರಿಯಿತು. ಹೇಗೋ ಒಂದು ನದಿಯ ಮುಖಕ್ಕೆ ಎಳೆದು ತಂದು ರಿಪೇರಿಗಾಗಿ ದಡಕ್ಕೆ ಒರಗಿಸಿದಾಗ, ಒಳಗಿದ್ದ ನೀರೆಲ್ಲ ಹಿಂಭಾಗಕ್ಕೆ ಹರಿದು, ರೊಟ್ಟಿಯ ಉಗ್ರಾಣದಲ್ಲಿ ಜೋಪಾನ ಮಾಡಿದ್ದ ಒಣಗಿಡಗಳನ್ನು ನೆನೆಯಿಸಿತು. ಬಹುಭಾಗವನ್ನು ಉಳಿಸಿಕೊಂಡರು, ಕೆಲವು ಪೂರ್ತಿ ಹಾಳಾದುವು. ರಿಪೇರಿಗೆ ಹಿಡಿದ ಏಳು ವಾರಗಳನ್ನೂ ಪಂಡಿತರು ಗಿಡ ಕೂಡಿಸುವುದರಲ್ಲೇ ಕಳೆದರು.

ಬಂಡೆಗೆ ಬಡಿದರೂ ಮುಳುಗದ ಹಡಗನ್ನು ಬಟೇವಿಯ ನಗರದ ಜ್ವರ ಮುರಿದುಹಾಕಿತು. ಈಗಿನ ಜಕಾರ್ತವೇ ಆ ಬಟೇವಿಯ. ಡಚ್ಚರ ಕಾಲುವೆಗಳಿಂದ ತುಂಬಿದ್ದ ಆ ಊರಿನಲ್ಲಿ 1770ರ ಕೊನೆಯ ತಿಂಗಳುಗಳನ್ನು ಕಳೆದ ನಾವಿಕರು ಚಳಿಜ್ವರವನ್ನೂ ರಕ್ತಭೇದಿಯನ್ನೂ ಹತ್ತಿಸಿಕೊಂಡು ಹೊರಟರು. ಹಿಂದೂಮಹಾಸಾಗರದ ನಡುವೆ ಸಾವುಗಳು ಸಾಲಾಗಿ ಬಂದುವು. ಸ್ಪೋರಿಂಗನು ತೀರಿಕೊಂಡ ಬೆನ್ನಿಗೇ, 1771ರ ಜನವರಿ 26ರಂದು, ಪಾರ್ಕಿನ್ಸನ್ನನೂ ತೀರಿಕೊಂಡನು. ದೇಹವನ್ನು ಸಮುದ್ರಕ್ಕೆ ಒಪ್ಪಿಸಿದರು. ಅವನು ಬಿಟ್ಟುಹೋದ ಸಸ್ಯಚಿತ್ರಗಳು ಒಂಬೈನೂರಕ್ಕೂ ಮೇಲ್ಪಟ್ಟಿದ್ದುವು; ಅವುಗಳಲ್ಲಿ ಮೂರರಲ್ಲಿ ಎರಡು ಭಾಗ ಮೇಲೆ ಹೇಳಿದಂತಹ ಅರೆಚಿತ್ರಗಳು. ಅವುಗಳನ್ನು ಮುಗಿಸಬೇಕಾದ ಕೈ ಇನ್ನಿಲ್ಲವಾಯಿತು. ಜುಲೈ 12ರಂದು ಹಡಗು ಇಂಗ್ಲೆಂಡನ್ನು ಮುಟ್ಟಿದಾಗ ಬ್ಯಾಂಕ್ಸನ ಒಂಬತ್ತು ಮಂದಿಯಲ್ಲಿ ಉಳಿದವರು ನಾಲ್ವರು.

ತಂದ ಸಂಪತ್ತಾದರೋ ಅಪೂರ್ವ. ಒಣಗಿಸಿದ ಮಾದರಿಗಳು ಸುಮಾರು 30,000. ಯೂರೋಪಿನ ಶಾಸ್ತ್ರಕ್ಕೆ ಅದುವರೆಗೆ ತಿಳಿಯದಿದ್ದ ಸಸ್ಯಜಾತಿಗಳು ಸುಮಾರು 1,400. 'ತಿಳಿಯದಿದ್ದ' ಎಂಬ ಮಾತನ್ನು ಎಚ್ಚರಿಕೆಯಿಂದ ಬಳಸಬೇಕು. ಟಹೀಟಿಯ ಜನರೂ ಆಸ್ಟ್ರೇಲಿಯಾದ ಮೂಲನಿವಾಸಿಗಳೂ ಆ ಗಿಡಗಳನ್ನು ಹೆಸರಿಟ್ಟು ಕರೆದು, ಉಂಡು, ಮದ್ದಿಗೆ ಬಳಸಿ, ಎಷ್ಟೋ ತಲೆಮಾರುಗಳಿಂದ ಬಲ್ಲವರಾಗಿದ್ದರು. ಅಪರಿಚಿತವಾಗಿದ್ದುದು ಯೂರೋಪಿನವರಿಗೆ ಮಾತ್ರ.

ಮುದುಕನಾಗಿದ್ದ ಲಿನೇಯಸನು ಈ ಸಂಗ್ರಹದ ವಾರ್ತೆಯನ್ನು ಕೇಳಿ ಹಿಗ್ಗಿದನು, ಜೊತೆಯಲ್ಲೇ ಹೆದರಿದನು. ಬ್ಯಾಂಕ್ಸ್ ಸೋಲಂಡರರು ಇನ್ನೊಂದು ಯಾತ್ರೆಗೆ ಸಿದ್ಧರಾಗುತ್ತಿದ್ದಾರೆಂದು ತಿಳಿದಾಗ, ಇಷ್ಟು ದೊಡ್ಡ ಸಂಗ್ರಹ ಎಲ್ಲಿ ಮೂಲೆ ಸೇರಿ ಹುಳುಗಳ ಪಾಲಾದೀತೋ ಎಂದು 1771ರಲ್ಲೇ ಲಂಡನ್ನಿನ ಮಿತ್ರನಿಗೆ ಕಾಗದ ಬರೆದನು. ಬೇಗ ಪ್ರಕಟಿಸಿರೆಂಬುದೇ ಅವನ ಹಂಬಲ. 1778ರಲ್ಲಿ ಅವನು ಕಣ್ಣು ಮುಚ್ಚಿದನು, ಪುಸ್ತಕ ಹೊರಬಿದ್ದಿರಲಿಲ್ಲ.

ಬ್ಯಾಂಕ್ಸನು ಕೈಕಟ್ಟಿ ಕುಳಿತಿದ್ದನೆಂದು ಹೇಳಿದರೆ ಅನ್ಯಾಯವಾಗುತ್ತದೆ. ಅವನು ಐವರು ಚಿತ್ರಗಾರರನ್ನು ನೇಮಿಸಿ, ಪಾರ್ಕಿನ್ಸನ್ನನ ಅರೆಚಿತ್ರ, ಅದರ ಹಿಂದಿನ ಟಿಪ್ಪಣಿ, ಒಣಗಿದ ಗಿಡ, ಸೋಲಂಡರನ ವರ್ಣನೆ, ಈ ನಾಲ್ಕನ್ನೂ ಎದುರಿಗಿಟ್ಟುಕೊಂಡು ಪೂರ್ಣಚಿತ್ರಗಳನ್ನು ಬರೆಯಿಸಿದನು. ಕಂಡಿಲ್ಲದ ದೇಶದ ಹೂವನ್ನು ಸತ್ತವನ ಕಣ್ಣಿನಿಂದ ನೋಡಿ ಬರೆಯುವ ಕೆಲಸ ಇದು. ಆ ಚಿತ್ರಗಳನ್ನು ಹದಿನೆಂಟು ಮಂದಿ ಕೊರೆಯುವವರು ತಾಮ್ರಕ್ಕೆ ಇಳಿಸಿದರು. ಡೇನಿಯಲ್ ಮೆಕೆಂಜಿ ಎಂಬೊಬ್ಬನೇ ಇನ್ನೂರಕ್ಕೂ ಹೆಚ್ಚು ತಗಡುಗಳನ್ನು ಕೊರೆದನು. ಈ ಪಟಗಳ ಪ್ರತಿಗಳನ್ನು ನೋಡಿದವರಿಗೆ ಗೊತ್ತು, ಬರಿಯ ಕಪ್ಪುಮಸಿಯಲ್ಲಿಯೇ ಎಲೆಯ ಒರಟು ಮೈ ಯಾವುದು, ಹೊಳೆಯುವ ಮೈ ಯಾವುದು, ಎಳೆಯ ಕುಡಿಯ ತುಪ್ಪಳು ಎಲ್ಲಿಯವರೆಗೆ ಎಂಬುದೆಲ್ಲ ತಿಳಿಯುತ್ತದೆ. ಬಾಟನಿ ಬೇಯಲ್ಲಿ ದೊರೆತ ಗರಗಸದಂತಹ ಎಲೆಯ ಗಿಡವೊಂದರ ಪಟ ಇವುಗಳಲ್ಲಿ ಪ್ರಸಿದ್ಧವಾದುದು. ಅದರ ಕುಲಕ್ಕೆ ಬ್ಯಾಂಕ್ಸನ ಗೌರವಾರ್ಥವಾಗಿ ಬ್ಯಾಂಕ್ಸಿಯ ಎಂದು ಹೆಸರಿಟ್ಟವನು ಲಿನೇಯಸನ ಮಗ. ಅದೂ 1782ರಲ್ಲಿ, ಬೇರೆಯ ಪುಸ್ತಕವೊಂದರಲ್ಲಿ.

ಅದೇ 1782ರಲ್ಲಿ ಸೋಲಂಡರನು ಹಠಾತ್ತನೆ ತೀರಿಕೊಂಡನು. ಗಿಡಗಳ ಲಕ್ಷಣವನ್ನು ತಿದ್ದಿ ತೀಡಿ ಪುಸ್ತಕದ ರೂಪಕ್ಕೆ ತರುತ್ತಿದ್ದವನು ಅವನೇ. 1784ರಲ್ಲಿ ಬ್ಯಾಂಕ್ಸನು ಬರೆದ ಪತ್ರವೊಂದರಲ್ಲಿ, ಉಳಿದಿರುವುದು ಸ್ವಲ್ಪವೇ ಕೆಲಸ, ಕೊರೆಯುವವರು ಮನಸ್ಸಿಟ್ಟರೆ ಎರಡು ತಿಂಗಳಲ್ಲಿ ಮುಗಿದೀತು ಎಂಬ ಅರ್ಥದ ಮಾತಿದೆ. ಆ ಎರಡು ತಿಂಗಳು ಅವನ ಜೀವಮಾನದಲ್ಲಿ ಬರಲೇ ಇಲ್ಲ. ಅವನು 1778ರಿಂದ 1820ರಲ್ಲಿ ಸಾಯುವವರೆಗೂ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದನು. ಅರಸನಿಗೆ ಕ್ಯೂ ಉದ್ಯಾನದ ವಿಷಯದಲ್ಲಿ ಸಲಹೆಗಾರ. ದೇಶದೇಶಗಳಿಗೆ ಗಿಡಸಂಗ್ರಾಹಕರನ್ನು ಕಳುಹಿಸುವವನು. ಪ್ರಪಂಚದ ಪಂಡಿತರಿಗೆಲ್ಲ ಪತ್ರ ಬರೆಯುವವನು. ಹೆಗಲಿನ ಆಪ್ತನು ಹೋದುದೂ, ಅಧಿಕಾರದ ಹೊರೆ ಏರಿದುದೂ, ಖರ್ಚಿನ ಭಾರವೂ ಸೇರಿ ಪುಸ್ತಕವನ್ನು ಹಿಂದಕ್ಕೆ ನೂಕಿದುವೆಂದು ಇತಿಹಾಸಕಾರರು ಹೇಳುತ್ತಾರೆ. ಇವುಗಳ ಜೊತೆಗೆ ಇನ್ನೊಂದನ್ನು ಸೇರಿಸಬಹುದೆಂದು ನಮಗೆ ತೋರುತ್ತದೆ. ಅಷ್ಟು ಚೆನ್ನಾಗಿ ಆಗಬೇಕೆಂದು ಹೊರಟ ಕೆಲಸಕ್ಕೆ ಸಾಕೆಂದು ನಿಲ್ಲಿಸುವ ಗಳಿಗೆ ಸುಲಭವಾಗಿ ಒದಗುವುದಿಲ್ಲ.

ಪ್ರಕಟವಾಗದಿದ್ದರೆ ಏನಾಯಿತು, ಚಿತ್ರಗಳು ಉಳಿದುವಲ್ಲ ಎಂದು ಯಾರಾದರೂ ಕೇಳಬಹುದು. ಸಸ್ಯಶಾಸ್ತ್ರದಲ್ಲಿ ಒಂದು ಕಟ್ಟಳೆಯಿದೆ. ಗಿಡವನ್ನು ಮೊದಲು ಕಂಡವನ ಹೆಸರಲ್ಲ, ಮೊದಲು ಅಚ್ಚಿನಲ್ಲಿ ಹೆಸರಿಟ್ಟವನ ಹೆಸರು ನಿಲ್ಲುತ್ತದೆ. ಬ್ಯಾಂಕ್ಸನ ಬೀರುವಿನಲ್ಲಿ ಸೋಲಂಡರನ ನೂರಾರು ಹೆಸರುಗಳು ಹಸ್ತಪ್ರತಿಯಾಗಿ ಮಲಗಿರುವಾಗ, ಹೊರಗೆ ಇತರರು ಅದೇ ಗಿಡಗಳಿಗೆ ಬೇರೆ ಹೆಸರುಗಳನ್ನಿಟ್ಟು ಅಚ್ಚು ಹಾಕಿಸಿದರು. ನಮ್ಮ ಕಾಗದದ ಹೂವಿನ ಗತಿಯೂ ಇದೇ. ಅದನ್ನು 1767ರಲ್ಲಿ, ಎಂಡೆವರ್ ಬರುವುದಕ್ಕೆ ಒಂದು ವರ್ಷ ಮುಂಚೆ, ಫ್ರಾನ್ಸಿನ ನೌಕಾಧಿಪತಿ ಬೂಗನ್‌ವಿಲ್ಲನ ಯಾತ್ರೆಯಲ್ಲಿದ್ದ ಕಾಮರ್ಸನ್ ಎಂಬ ಪಂಡಿತನೂ ಕೂಡಿಸಿದ್ದನು. ಪ್ಯಾರಿಸಿನಲ್ಲಿ ಜೂಸ್ಯೂ ಎಂಬಾತನು 1789ರಲ್ಲಿ ಆ ಕುಲದ ಹೆಸರನ್ನು ಅಚ್ಚಿಗೆ ತಂದನು. ಪಾರ್ಕಿನ್ಸನ್ನನ ಚಿತ್ರಕ್ಕೆ ಆಗ ಇಪ್ಪತ್ತು ವರ್ಷ ತುಂಬಿತ್ತು. ತಾಮ್ರದ ತಗಡೂ ಸಿದ್ಧವಾಗಿತ್ತು. ಅದು ಹೊರಬಿದ್ದಿದ್ದರೆ ಇಂದು ನಾವು ಆ ಬಳ್ಳಿಯನ್ನು ಬೇರೊಂದು ಹೆಸರಿನಿಂದ ಕರೆಯುತ್ತಿದ್ದೆವೋ ಏನೋ.

ಇನ್ನು ಜೀಗುಜ್ಜೆಯ ಕಥೆ. ಇದರಲ್ಲಿ ವಿಧಿಯ ವಿನೋದವೊಂದಿದೆ. ಪಾರ್ಕಿನ್ಸನ್ನನು ಸತ್ತ ಮೇಲೆ ಅವನ ಕಾಗದಪತ್ರಗಳ ವಿಷಯವಾಗಿ ಅವನ ಅಣ್ಣ ಸ್ಟ್ಯಾನ್‌ಫೀಲ್ಡನಿಗೂ ಬ್ಯಾಂಕ್ಸನಿಗೂ ಜಗಳವಾಯಿತು. ಡಾಕ್ಟರ್ ಫಾದರ್ಗಿಲ್ ಎಂಬ ಸಜ್ಜನನು ಮಧ್ಯಸ್ಥನಾಗಿ, ಬ್ಯಾಂಕ್ಸನಿಂದ ಮನೆಯವರಿಗೆ 500 ಪೌಂಡು ಕೊಡಿಸಿದನು. ಆದರೂ ಅಣ್ಣನು ಸುಮ್ಮನಿರದೆ ತಮ್ಮನ ದಿನಚರಿಯನ್ನು ಅಚ್ಚಿಗೆ ಕೊಟ್ಟನು. ಯಾತ್ರೆಯ ಅಧಿಕೃತ ವೃತ್ತಾಂತವನ್ನು ಬರೆಯುತ್ತಿದ್ದ ಹಾಕ್ಸ್‌ವರ್ತನು ನ್ಯಾಯಸ್ಥಾನಕ್ಕೆ ಹೋಗಿ ಅದನ್ನು ಕೆಲವು ಕಾಲ ತಡೆದನು. ಕೊನೆಗೆ 1773ರಲ್ಲಿ ಅದು ಹೊರಬಂದಿತು. ಅಣ್ಣನು ಮತಿಭ್ರಮಣೆಯಿಂದ ದಿನ ಮುಗಿಸಿದನು. ಆ ಪುಸ್ತಕದಲ್ಲಿ ಟಹೀಟಿಯ ಜನ ಆಹಾರಕ್ಕೂ ಮದ್ದಿಗೂ ಬಳಸುವ ಗಿಡಗಳ ಒಂದು ಪಟ್ಟಿಯಿದೆ; ಪಂಡಿತರ ಹೆಸರಿನ ಪಕ್ಕದಲ್ಲಿ ಆ ಜನರ ಹೆಸರುಗಳೂ ಇವೆ. ಅದರಲ್ಲಿ ಜೀಗುಜ್ಜೆಯ ಮರಕ್ಕೆ ಕೊಟ್ಟ ಲ್ಯಾಟಿನ್ ಹೆಸರಿನ ಎರಡನೆಯ ಪದವು ಇಂದಿನವರೆಗೂ ಬಾಳಿಕೊಂಡು ಬಂದಿದೆ. ಮೊದಲನೆಯ ಪದವನ್ನು ಮಾತ್ರ ಪಂಡಿತರು ಒಪ್ಪಂದದಿಂದ ಬದಿಗಿಟ್ಟು, ಹಲಸಿನ ಕುಲಕ್ಕೆಲ್ಲ 'ಆರ್ಟೊಕಾರ್ಪಸ್' ಎಂಬ ಹೆಸರನ್ನು ಉಳಿಸಿಕೊಂಡರು. ಈ ಹೆಸರನ್ನು ಅಚ್ಚಿಗೆ ತಂದವರು ಫಾರ್ಸ್ಟರ್ ತಂದೆಮಕ್ಕಳು. ಕುಕ್ಕನ ಎರಡನೆಯ ಯಾತ್ರೆಯಿಂದ ಬ್ಯಾಂಕ್ಸನು ಮುನಿದು ಹಿಂಜರಿದಾಗ ಅವನ ಸ್ಥಾನದಲ್ಲಿ ಹೋದವರು ಇವರೇ. 1775ರಲ್ಲಿ ಮರಳಿ ಬಂದು, ಸ್ವಲ್ಪವೂ ತಡಮಾಡದೆ ಹೊಸ ಕುಲಗಳ ಪುಸ್ತಕವನ್ನು ಪ್ರಕಟಿಸಿದರು. 1941ರಲ್ಲಿ ಫಾಸ್ಬರ್ಗ್ ಎಂಬ ವಿದ್ವಾಂಸನು ಎರಡು ಪದಗಳನ್ನೂ ಕೂಡಿಸಿ 'ಆರ್ಟೊಕಾರ್ಪಸ್ ಆಲ್ಟಿಲಿಸ್' ಎಂದು ಸ್ಥಿರಪಡಿಸಿದಾಗ, ಪದ್ಧತಿಯಂತೆ ಅದರ ಪಕ್ಕದಲ್ಲಿ ಪಾರ್ಕಿನ್ಸನ್ನನ ಹೆಸರೂ ನಿಂತಿತು.

ಇದನ್ನು ಸ್ವಲ್ಪ ಯೋಚಿಸಿ ನೋಡಬೇಕು. ರಾಜವೈಭವದ ಪುಸ್ತಕಕ್ಕೆಂದು ಕೊರೆಸಿದ 743 ತಗಡುಗಳು ತಂದುಕೊಡದ ಗೌರವವನ್ನು, ಜಗಳದ ನಡುವೆ ಹುಟ್ಟಿದ ಒಂದು ಬಡ ದಿನಚರಿಯ ಒಂದೆರಡು ಪುಟಗಳು ತಂದುಕೊಟ್ಟುವು. ಸೋಲಂಡರನಂತಹ ವಿದ್ವಾಂಸನು ಇಟ್ಟ ಹೆಸರುಗಳು ಮಣ್ಣುಗೂಡಿದರೆ, ವಿದ್ವಾಂಸನೆನಿಸಿಕೊಳ್ಳದ ಚಿತ್ರಗಾರನು ಅವನಿಂದ ಕೇಳಿ ಗುರುತು ಹಾಕಿಕೊಂಡ ಹೆಸರು ಬದುಕಿತು. ಕಾರಣವಿಷ್ಟೇ: ಅದು ಅಚ್ಚಾಯಿತು, ಇವು ಅಚ್ಚಾಗಲಿಲ್ಲ.

ಬ್ಯಾಂಕ್ಸನಿಗೆ ಪ್ರಕಟಿಸುವ ಶಕ್ತಿಯಿರಲಿಲ್ಲವೆಂದು ತಿಳಿಯಬಾರದು. ನಮ್ಮ ದೇಶಕ್ಕೆ ಸೇರಿದ ಒಂದು ನಿದರ್ಶನವೇ ಇದೆ. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯನಾಗಿ ಮದರಾಸು ಪ್ರಾಂತದಲ್ಲಿದ್ದ ವಿಲಿಯಂ ರಾಕ್ಸ್‌ಬರ್ಗನು ಚೋಳಮಂಡಲ ತೀರದ ಗಿಡಗಳನ್ನು ಭಾರತೀಯ ಚಿತ್ರಗಾರರಿಂದ ಬರೆಯಿಸಿ ಲಂಡನ್ನಿಗೆ ಕಳುಹಿಸುತ್ತಿದ್ದನು. ಅವುಗಳಿಂದ 300 ಚಿತ್ರಗಳನ್ನು ತಾಮ್ರದಲ್ಲಿ ಕೊರೆಸಿ, ಬಣ್ಣ ಹಾಕಿಸಿ, ಮೂರು ದೊಡ್ಡ ಸಂಪುಟಗಳಾಗಿ 1795ರಿಂದ 1820ರವರೆಗೆ ಕಂಪೆನಿಯು ಹೊರತಂದಿತು. ಆ ಕಾರ್ಯವನ್ನು ನಿರ್ದೇಶಿಸಿದವನು ಇದೇ ಬ್ಯಾಂಕ್ಸ್. ಇತರರ ಗಿಡಗಳಿಗೆ ಬೆಳಕು ತೋರಿಸಿದವನು ತನ್ನ ಗಿಡಗಳನ್ನು ಕತ್ತಲೆಯಲ್ಲಿ ಬಿಟ್ಟನು. ಆದರೆ ಆ ಸಂಪುಟಗಳನ್ನು ತೆರೆದು ನೋಡಿದಾಗ ನಮ್ಮ ಮನಸ್ಸಿಗೆ ಇನ್ನೊಂದು ನೋವು ತಟ್ಟದಿರುವುದಿಲ್ಲ. ಪಾರ್ಕಿನ್ಸನ್ನನ ಚಿತ್ರಗಳು ಕತ್ತಲೆಯಲ್ಲಿದ್ದರೂ ಹೆಸರು ಉಳಿಯಿತು. ನಮ್ಮ ಚಿತ್ರಗಾರರ ಚಿತ್ರಗಳು ಬೆಳಕು ಕಂಡುವು, ಹೆಸರುಗಳು ಅಲ್ಲಿ ಬರಲಿಲ್ಲ. ದೇಶೀಯ ಚಿತ್ರಗಾರರು ಎಂಬಷ್ಟರಲ್ಲಿ ಅವರ ಬದುಕೆಲ್ಲ ಮುಗಿದುಹೋಯಿತು.

ಬ್ಯಾಂಕ್ಸನ ತಗಡುಗಳು ಅವನ ಮರಣಾನಂತರ, ಗಿಡಗಳೊಂದಿಗೂ ಪುಸ್ತಕಗಳೊಂದಿಗೂ, ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದುವು. 1900ರಿಂದ 1905ರವರೆಗೆ ಜೇಮ್ಸ್ ಬ್ರಿಟನ್ ಎಂಬಾತನು ಆಸ್ಟ್ರೇಲಿಯಾದ ಗಿಡಗಳ ಪಟಗಳನ್ನು ಮಾತ್ರ ಕಲ್ಲಚ್ಚಿನಲ್ಲಿ ಪ್ರಕಟಿಸಿದನು. 1973ರಲ್ಲಿ ಮೂವತ್ತು ತಗಡುಗಳಿಂದ ಕಪ್ಪುಮಸಿಯ ಪ್ರತಿಗಳನ್ನು ತೆಗೆದರು. ಕಡೆಗೆ 1980ರಲ್ಲಿ ಅಲೆಕ್ಟೊ ಎಂಬ ಮುದ್ರಣಸಂಸ್ಥೆಯು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಜೊತೆ ಸೇರಿ ಇಡೀ ಸಂಗ್ರಹವನ್ನು ಕೈಗೆತ್ತಿಕೊಂಡಿತು. ಹಳೆಯ ಪದ್ಧತಿಯಂತೆ, ಒಂದೇ ತಗಡಿನ ಗೆರೆಗಳಿಗೆ ಬಟ್ಟೆಯ ಚಿಕ್ಕ ಚಿಕ್ಕ ಉಂಡೆಗಳಿಂದ ಎಲೆಗೆ ಹಸುರು, ಹೂವಿಗೆ ಕೆಂಪು, ಕಾಂಡಕ್ಕೆ ಕಂದು ಎಂದು ಬಣ್ಣಗಳನ್ನು ಬೇರೆಬೇರೆಯಾಗಿ ತುಂಬಿ ಒತ್ತಿದರು. ಬಣ್ಣಗಳ ಆಯ್ಕೆಗೆ ಆಧಾರವೇನು? ಮ್ಯೂಸಿಯಮ್ಮಿನಲ್ಲಿ ಉಳಿದಿದ್ದ ಚಿತ್ರಗಳು, ಮತ್ತು ಪಾರ್ಕಿನ್ಸನ್ನನು ಹಡಗಿನಲ್ಲಿ ಬರೆದಿಟ್ಟ ಆ ಟಿಪ್ಪಣಿಗಳು. 738 ಪಟಗಳು, ನೂರು ಪ್ರತಿಗಳು. ಕೆಲಸ ಮುಗಿಯಲು ಹತ್ತು ವರ್ಷ ಹಿಡಿಯಿತು.

ಶಾಸ್ತ್ರಕ್ಕೆ ಅವುಗಳಿಂದ ಆಗಬೇಕಾಗಿದ್ದ ಉಪಕಾರದ ಕಾಲ ಅಷ್ಟು ಹೊತ್ತಿಗೆ ಕಳೆದುಹೋಗಿತ್ತು. ಆ ಗಿಡಗಳನ್ನೆಲ್ಲ ಇತರರು ಕಂಡು, ಹೆಸರಿಟ್ಟು, ಪುಸ್ತಕಗಳಲ್ಲಿ ಸೇರಿಸಿ ಮುಗಿದಿತ್ತು. ಉಳಿದುದು ಅಂದ, ಮತ್ತು, ಮನುಷ್ಯರು ಇಷ್ಟು ಕಷ್ಟಪಟ್ಟು ಇಷ್ಟು ಸತ್ಯವಾಗಿ ನೋಡಿದರಲ್ಲ ಎಂಬ ಬೆರಗು. ಇದು ಸಣ್ಣ ಲಾಭವಲ್ಲ. ಆದರೆ ಪಾರ್ಕಿನ್ಸನ್ನನು ನೊಣಗಳ ನಡುವೆ ಕುಳಿತು ಬರೆದುದು ಅಂದಕ್ಕಾಗಿ ಮಾತ್ರವಲ್ಲ. ತಾನು ಕಂಡುದನ್ನು ಕಾಣದವರಿಗೆ ತಲಪಿಸುವುದಕ್ಕಾಗಿ.

ನಮ್ಮ ನಾಡಿನಲ್ಲಿಯೂ ಇಂತಹ ಬೀರುಗಳಿಗೆ ಕೊರತೆಯಿಲ್ಲ. ಒಬ್ಬ ಪಂಡಿತರು ಮೂವತ್ತು ವರ್ಷ ಕೂಡಿಸಿದ ಪದಗಳ ಪಟ್ಟಿ, ಇನ್ನೊಬ್ಬರು ಊರೂರು ಅಲೆದು ಬರೆದುಕೊಂಡ ಶಾಸನಗಳ ಪಾಠ, ಮತ್ತೊಬ್ಬ ಹಳ್ಳಿಯ ವೈದ್ಯರು ಗುರುತು ಮಾಡಿಟ್ಟ ಮೂಲಿಕೆಗಳ ಪುಸ್ತಕ, ಇವು ಇನ್ನೂ ಸ್ವಲ್ಪ ತಿದ್ದಬೇಕು ಎಂಬ ಒಂದೇ ಕಾರಣದಿಂದ ಗೆದ್ದಲಿನ ದಾರಿಯನ್ನು ಕಾಯುತ್ತ ಕುಳಿತಿರುತ್ತವೆ. ವಿದ್ಯೆಯಲ್ಲಿ ಶುದ್ಧಿ ಬೇಕು. ಕಾಲೇಜುಗಳಲ್ಲಿ ಪಾಠ ಹೇಳುವ ನಾವು ಅದನ್ನು ಅಲ್ಲಗಳೆಯುವವರಲ್ಲ. ಆದರೆ ಶುದ್ಧಿಯ ಹೆಸರಿನಲ್ಲಿ ಕಳೆಯುವ ಪ್ರತಿಯೊಂದು ವರ್ಷಕ್ಕೂ ಯಾರೋ ಒಬ್ಬರು ಬೆಲೆ ತೆರುತ್ತಾರೆ. ಅನೇಕ ವೇಳೆ ಆ ಬೆಲೆಯನ್ನು ತೆರುವವನು ಪುಸ್ತಕದ ಯಜಮಾನನಲ್ಲ. ಅದರ ಪುಟಗಳಲ್ಲಿ ತನ್ನ ಕಣ್ಣನ್ನೂ ಕೈಯನ್ನೂ ಒತ್ತೆಯಿಟ್ಟು ಮುಂಚೆಯೇ ಹೊರಟುಹೋದ ಕೆಲಸಗಾರ.